ಯಜಮಾನನಿಗೆ ಹೇಳುವ ಮಾತು

ಜೂನ್ 3, 2024. ಸೋಮವಾರ

ರೇಡಿಯೇಶನ್ ಹತ್ತೊಂಬತ್ತು ಆಯಿತು. ಇನ್ನು ಒಂಬತ್ತು. ದಿನಾ ಕೊಯಿಲದಿಂದ ಮಂಗಳೂರಿಗೆ — ರೋಗಕ್ಕಿಂತ ಬಸ್ಸೇ ಸುಸ್ತು. ಗುದದಲ್ಲಿ ಗಡ್ಡೆ. ಪಶುವೈದ್ಯ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದನಗಳ ಗುದದೊಳಗೆ ಕೈ ಹಾಕಿ ಗಬ್ಬ ಹೌದೋ ಅಲ್ಲವೋ ಹೇಳಿದವನು ನಾನು. ಈಗ ನನ್ನ ಸರದಿ. ನಗು ಬಂತು.

ಮೊದಲ ಸ್ಕ್ಯಾನ್ ನೋಡಿಯೇ ಗಡ್ಡೆ ಎಷ್ಟು ಕರಗೀತೆಂದು ಅಂದಾಜು ಹೇಳುವ ಕಂಪ್ಯೂಟರ್ ಉಂಟಂತೆ. ಸ್ಟಡಿಗೆ ನನ್ನದನ್ನೂ ಸೇರಿಸಿದ್ದಾರೆ. "ನನ್ನದು ಎಂತ ಹೇಳಿತು?" ಕೇಳಿದೆ. "ಟ್ರೀಟ್‌ಮೆಂಟ್ ಮುಗಿಯಲಿ, ಒಟ್ಟಿಗೆ ಹೇಳ್ತೇವೆ" ಎಂದರು ಡಾಕ್ಟರ್ ಮೋಕ್ಷಿತಾ.

ಜೂನ್ 14

ಇಪ್ಪತ್ತೆಂಟು. ಮುಗಿಯಿತು. ಮಲದಲ್ಲಿ ಬರುತ್ತಿದ್ದ ರಕ್ತ ನಿಂತಿದೆ. ಹೆಂಡತಿ ವಸುಮತಿ ಪಾಯಸ ಮಾಡಿದಳು.

ಆಗಸ್ಟ್ 13, ಮಂಗಳವಾರ

ಹೊಸ ಸ್ಕ್ಯಾನಿನ ರಿಪೋರ್ಟ್. "ಅಣ್ಣ, ನೀನು ಇಲ್ಲೇ ಕೂತ್ಕೊ. ನಾವು ಮಾತಾಡಿ ಬರ್ತೇವೆ" ಎಂದ ತಮ್ಮ ಗಿರಿಧರ. ಅವನೂ ವಸುಮತಿಯೂ ಒಳಗೆ. ನಾನು ಬೆಂಚಿನಲ್ಲಿ. ಇಪ್ಪತ್ತು ನಿಮಿಷ.

"ಆಪರೇಶನ್ ಮಾಡ್ಲೇಬೇಕಂತೆ. ಬೇರೆ ದಾರಿ ಇಲ್ಲ." ಹೊರಗೆ ಬಂದ ಗಿರಿಧರ ಹೇಳಿದ.

"ಕಂಪ್ಯೂಟರ್?"

"ಅದೆಲ್ಲ ಲೊಟ್ಟೆ ಲೆಕ್ಕ ಅಣ್ಣ, ನಂಬ್ಲಿಕ್ಕಿಲ್ಲ."

ಮಲಕ್ಕೆ ಹೊಟ್ಟೆಯ ಬದಿಯಲ್ಲಿ ಚೀಲ. ಸಾಯುವ ತನಕ. ಗಿರಿಧರ ಬೆರಳಿಟ್ಟಲ್ಲಿ ಸಹಿ ಹಾಕಿದೆ. ಓದಲಿಲ್ಲ. ತಮ್ಮನಲ್ಲವೇ.

ಸೆಪ್ಟೆಂಬರ್ 9

ಆಪರೇಶನ್ ಆಯಿತು. ಚೀಲ ಬದಲಿಸಲು ಇಬ್ಬರೂ ಕಲಿತೆವು. ವಸುಮತಿ ಒಂದು ದಿನವೂ ಮೂಗು ಮುಚ್ಚಲಿಲ್ಲ. ಪುಣ್ಯವಂತ ನಾನು.

ಸೆಪ್ಟೆಂಬರ್ 20, ಶುಕ್ರವಾರ

ಗಾಯ ತೋರಿಸಲು ಒಬ್ಬನೇ ಹೋದೆ. ಗಿರಿಧರ ಪುತ್ತೂರಿನ ಶಾಲೆಯಲ್ಲಿ ಮಾಸ್ಟ್ರು, ರಜೆ ಸಿಗಲಿಲ್ಲ. ಕತ್ತರಿಸಿ ತೆಗೆದದ್ದರಲ್ಲಿ ಕ್ಯಾನ್ಸರ್ ಇಲ್ಲವಂತೆ. ಒಂದು ಕಣವೂ ಇಲ್ಲ.

"ಮತ್ತೆ ಕತ್ತರಿಸಿದ್ದು ಎಂತಕ್ಕೆ?"

ಡಾಕ್ಟರ್ ಮೋಕ್ಷಿತಾ ಫೈಲ್ ಮುಚ್ಚಿದರು. "ಪೂರ್ತಿ ಕರಗಬಹುದು ಅಂತ ಕಂಪ್ಯೂಟರ್ ಮೊದಲೇ ಹೇಳಿತ್ತು. ಸ್ಕ್ಯಾನಿನಲ್ಲೂ ಹಾಗೇ ಕಂಡಿತು. ಈಗ ಆಪರೇಶನ್ ಬೇಡ, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಕಾದು ನೋಡಬಹುದು ಅಂದಿದ್ದೆವು. ವಾಪಸ್ ಬರುವ ಅಪಾಯ ಸ್ವಲ್ಪ ಉಂಟು ಅಂತಲೂ ಹೇಳಿದೆವು. ಕಾದು ನೋಡುವುದು ನಿಮಗೇ ಇಷ್ಟ ಇಲ್ಲ, ತೆಗೆದೇ ಬಿಡಿ ಅಂದರು ನಿಮ್ಮ ತಮ್ಮ. ನೀವು ಸಹಿ ಮಾಡಿದ್ದೀರಲ್ಲ…"

ನನಗೇ ಇಷ್ಟ ಇಲ್ಲವಂತೆ. ಹೊರಗೆ ಬೆಂಚಿನಲ್ಲಿ ಕೂತವನಿಗೆ.

ಅದೇ ದಿನ, ಸಂಜೆ 7

ವಸುಮತಿ ಅಕ್ಕಿ ಆರಿಸುತ್ತಿದ್ದಳು. ಕೇಳಿದೆ. ತಲೆ ಎತ್ತಲಿಲ್ಲ.

"ವಾಪಸ್ ಬಂದ್ರೆ ಎಂತ ಮಾಡುದು? ನನಗೆ ಹೆದರಿಕೆ ಆಯ್ತು. ಹೇಳಿದ್ರೆ ನೀವು ಆಪರೇಶನಿಗೆ ಒಪ್ಪುದಿಲ್ಲ ಅಂತ ಗೊತ್ತಿತ್ತು."

ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ. ಹೆದರಿಕೆ ಅವಳದು, ಹೊಟ್ಟೆ ನನ್ನದು. ಮೋಸ ಇದು. ಪ್ರೀತಿ ಅಂತ ಹೆಸರಿಟ್ಟರೂ ಮೋಸವೇ.

ಅಕ್ಟೋಬರ್ 20, ಆದಿತ್ಯವಾರ

ಗಿರಿಧರ ಎರಡು ಸಲ ಬಂದುಹೋದ. ನಾನು ಕೋಣೆಯಿಂದ ಹೊರಗೆ ಬರಲಿಲ್ಲ. ಚೀಲ ಈಗ ನಾನೇ ಬದಲಿಸಿಕೊಳ್ಳುತ್ತೇನೆ, ಬಾಗಿಲು ಹಾಕಿಕೊಂಡು.

ಇವತ್ತು ನೆರೆಮನೆಯ ಕದೀಜಮ್ಮ ಕರೆದರು. "ಮಾಲಿಂಗಣ್ಣ, ನಮ್ಮ ದನ ಒಮ್ಮೆ ನೋಡ್ತೀರಾ? ಗಬ್ಬ ನಿಂತಿದಾ ಅಂತ." ಚೀಲದ ಮೇಲೆ ಪಂಚೆ ಸರಿಮಾಡಿ ಹೋದೆ. ಗ್ಲೌಸ್ ಹಾಕಿ ಒಳಗೆ ಕೈ ಹಾಕಿದೆ. ಮೂರು ತಿಂಗಳು. ಕೈ ಮರೆತಿಲ್ಲ.

"ಎಂತ, ಉಂಟಾ?" ಎಂದರು ಕದೀಜಮ್ಮ.

ಮೂವತ್ತೆರಡು ವರ್ಷ ಹೀಗೆ ಕೇಳಿದ ಕೂಡಲೇ ಯಜಮಾನನಿಗೆ ಹೇಳಿ ಕೈ ತೊಳೆದಿದ್ದೇನೆ. ದನ ಅಲ್ಲೇ ನಿಂತಿರುತ್ತಿತ್ತು.

ಇವತ್ತು ಕೈ ತೊಳೆದು ದನದ ತಲೆಯ ಹತ್ತಿರ ಹೋದೆ. ಮೊದಲು ಅದಕ್ಕೆ ಹೇಳಿದೆ.

ಕದೀಜಮ್ಮ ನಕ್ಕರು. "ನಿಮಗೆ ಎಂತ ಆಯ್ತು ಮಾರಾಯ್ರೆ?"

ನನಗೆ ಎಂತ ಆಯಿತು ಎಂದರೆ, ಆ ಬೆಂಚಿನಲ್ಲಿ ಇಪ್ಪತ್ತು ನಿಮಿಷ ಕೂತದ್ದು.