ಲೆಕ್ಕಕ್ಕಿಲ್ಲದ ದಿನ ಹುಟ್ಟಿದವರು

ಕೆರ್ಕೆನ್ನಾ ದ್ವೀಪ, ಟುನೀಷಿಯಾ
೨೧೮೭, ಲೆಕ್ಕಕ್ಕಿಲ್ಲದ ಮೂರನೆಯ ದಿನ

ನಮಗಿಂತ ಮೊದಲು ಬದುಕಿದವರಿಗೆ ಸೂಲಗಿತ್ತಿ ಮೊಂಜಿಯಾಳ ಸಲಾಮು.

ಮೇಲಿನ ತಾರೀಖು ನೋಡಿ ನಗಬೇಡಿ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಅವುಗಳನ್ನು ಹುಟ್ಟಿಸಿದ್ದು ನಾನಲ್ಲ, ಬ್ಯಾಂಕು. ನಿಮ್ಮ ಕಾಲದಲ್ಲಿ ನಮ್ಮ ದೇಶದಲ್ಲಿ ಸರ್ಕಾರಿ ಬ್ಯಾಂಕುಗಳೂ ಖಾಸಗಿ ಬ್ಯಾಂಕುಗಳೂ ಬೇರೆಬೇರೆ ಇದ್ದವಂತೆ. ಸರ್ಕಾರಿ ಬ್ಯಾಂಕಿನ ಉದ್ದನೆಯ ಕ್ಯೂವನ್ನು ಜನ ಬಾಯಿತುಂಬ ಬೈಯುತ್ತಿದ್ದರಂತೆ. ಬೈದು ಇನ್ನೊಂದು ಬ್ಯಾಂಕಿಗೆ ಹೋಗಬಹುದಿತ್ತಲ್ಲ, ಪುಣ್ಯವಂತರು! ಖಾಸಗಿಯವರು ಸರ್ಕಾರಿ ಬ್ಯಾಂಕುಗಳನ್ನು ಒಂದೊಂದಾಗಿ ಕೊಂಡರು. ಕೊನೆಗೆ ಎಲ್ಲ ಸೇರಿ ಒಂದೇ ಆಯಿತು. ಅದನ್ನು ನಾವು ‘ಏಕಖಜಾನೆ’ ಎನ್ನುತ್ತೇವೆ. ಬಡ್ಡಿ ಹಾಕಲು ಸುಲಭವಾಗಲೆಂದು ಅದು ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿತು. ವರ್ಷದ ಕೊನೆಗೆ ಉಳಿಯುವ ಐದು ದಿನ ಯಾವ ತಿಂಗಳಿಗೂ ಸೇರಿಲ್ಲ; ಅವೇ ಲೆಕ್ಕಕ್ಕಿಲ್ಲದ ದಿನಗಳು. ಆಗ ಬ್ಯಾಂಕಿಗೆ ಬೀಗ. ನಾವು ಮಾತ್ರ ಬಲೆ ಹೊಲಿಯುತ್ತೇವೆ, ಆಕ್ಟೋಪಸ್ ಒಣಗಿಸುತ್ತೇವೆ, ಜಗಳವಾಡುತ್ತೇವೆ, ಹೆರುತ್ತೇವೆ.

ನನ್ನ ಮೊಮ್ಮಗಳು ದೂಜಾ ಹುಟ್ಟಿದ್ದು ಇಂಥದೇ ಒಂದು ದಿನ. ಈಗ ಅವಳನ್ನು ಶಾಲೆಗೆ ಸೇರಿಸಬೇಕು. ಖಾತೆಯಿಲ್ಲದ ಮಗುವನ್ನು ಶಾಲೆ ಸೇರಿಸಿಕೊಳ್ಳುವುದಿಲ್ಲ; ತಾರೀಖಿಲ್ಲದ ಮಗುವಿಗೆ ಬ್ಯಾಂಕು ಖಾತೆ ಕೊಡುವುದಿಲ್ಲ. ಇಲ್ಲಿ ಸೂಲಗಿತ್ತಿ ಬರೆದುಕೊಟ್ಟದ್ದೇ ಜನನದ ದಾಖಲೆ. ನಮ್ಮ ಶಾಖೆಯ ಮ್ಯಾನೇಜರ್ ನಾದಿರ್ ಕೆಟ್ಟವನೇನಲ್ಲ. “ಲೆಲ್ಲಾ ಮೊಂಜಿಯಾ, ಡಿಸೆಂಬರ್ ಮೂವತ್ತು ಅಂತ ಬರ್ಕೊಟ್ಬಿಡಿ, ಯಾರಿಗೇನು ನಷ್ಟ?” ಎಂದು, ಹಿರಿಯ ಹೆಂಗಸರಿಗೆ ಸಲ್ಲುವ ‘ಲೆಲ್ಲಾ’ ಸೇರಿಸಿಯೇ, ಸಿಕ್ಕಾಗಲೆಲ್ಲ ಕೇಳುತ್ತಾನೆ. ನಾನು ಬರೆಯಲಿಲ್ಲ. ನನ್ನ ಮಗಳು ಇಡೀ ದಿನ ಕಿರುಚಿ ಹೆತ್ತಿದ್ದಾಳೆ. ಆ ದಿನವೇ ಇರಲಿಲ್ಲ ಎನ್ನಲು ಇವರು ಯಾರು? ಹಟಮಾರಿ ಮುದುಕಿ ಮಗುವಿನ ಓದಿಗೆ ಕಲ್ಲು ಹಾಕುತ್ತಿದ್ದಾಳೆ ಎಂದು ಊರವರು ಆಡಿಕೊಂಡರು. ದೂಜಾ ಶಾಲೆಯ ಗೇಟಿನಾಚೆ ನಿಂತು ಪಾಠ ಕೇಳುವುದನ್ನು ಕಂಡರೆ ನನಗೂ ಕರುಳು ಚುರ್ ಎನ್ನುತ್ತದೆ. ಆದರೂ ಇಂಥ ದಿನ ಹುಟ್ಟಿದವರನ್ನು ಇವತ್ತು ಬಿಟ್ಟುಕೊಟ್ಟರೆ, ನಾಳೆ ಇಂಥ ದಿನ ದುಡಿದವರನ್ನೂ ಸತ್ತವರನ್ನೂ ಇವರು ಇಲ್ಲವೆನ್ನುತ್ತಾರೆ.

ಇಂದು ಬೆಳಿಗ್ಗೆ ಆ ನಾದಿರ್ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದ. ಅವನ ಹೆಂಡತಿಗೆ ನೋವು ಶುರುವಾಗಿತ್ತು. ಹೊಸ ವರ್ಷದವರೆಗೆ ತಡೆಯಲು ಏನಾದರೂ ಕಷಾಯ ಇದೆಯೇ ಎಂದು ದಾರಿಯುದ್ದಕ್ಕೂ ಕೇಳಿದ. ನಗು ಬಂತು, ಪಾಪ ಎಂದೂ ಅನಿಸಿತು. ಮಧ್ಯಾಹ್ನದ ಹೊತ್ತಿಗೆ ಗಂಡು ಮಗು, ಗಟ್ಟಿ ದನಿ. ಇಂದಿನ ದಿನವನ್ನೇ ಬರೆದುಕೊಟ್ಟೆ. ಅವನು ಅದನ್ನು ಎರಡು ಸಲ ಓದಿದ. ಬದಲಾಯಿಸಿ ಎನ್ನಲಿಲ್ಲ, ಮಡಚಿ ಜೇಬಿಗಿಟ್ಟುಕೊಂಡ.

ತಿಂಗಳಿಗೆ ಮೂವತ್ತು ದಿನ ಹಿಡಿದು ಬಡ್ಡಿ ಹಾಕುವ ಅಭ್ಯಾಸ ನಿಮ್ಮ ಕಾಲದಲ್ಲೇ ಅಲ್ಲಲ್ಲಿ ಇತ್ತೆಂದು ಕೇಳಿದ್ದೇನೆ. ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಲೆಕ್ಕದ ಅನುಕೂಲಕ್ಕೆಂದು ಯಾರಾದರೂ ನಿಮ್ಮ ಬದುಕಿನ ಒಂದು ದಿನ ಕೇಳಿದರೆ ಕೊಡಬೇಡಿ. ಅನುಕೂಲ ಯಾರಿಗೆ ಎಂದು ಕೇಳಿ.

ಬ್ಯಾಂಕು ಮತ್ತೆ ತೆರೆಯುವ ದಿನ ನಾನು ದೂಜಾಳ ಕೈ ಹಿಡಿದು ಹೋಗುತ್ತೇನೆ. ತನ್ನ ಮನೆಯವರ ಖಾತೆಗೆ ಮ್ಯಾನೇಜರ್ ತಾನೇ ಸಹಿ ಹಾಕುವಂತಿಲ್ಲ. ನಾದಿರ್ ಕೂಡ ಮಗುವನ್ನೆತ್ತಿಕೊಂಡು ಕ್ಯೂ ನಿಲ್ಲಬೇಕು. ನನ್ನ ಹಿಂದೆಯೇ ನಿಲ್ಲುತ್ತೇನೆಂದು ಸಂಜೆ ಹೇಳಿಕಳಿಸಿದ್ದಾನೆ. ಆ ಇಬ್ಬರು ಮಕ್ಕಳ ಮುಖ ನೋಡಿಕೊಂಡು ‘ನೀವು ಹುಟ್ಟೇ ಇಲ್ಲ’ ಎಂದು ಯಾರು ಹೇಳುತ್ತಾರೋ ಹೇಳಲಿ, ನೋಡೋಣ.