ಗಡಿಯಾಚೆ ಮಲಗುವ ಗಂಡನಿಗೆ

ಲೂವರ್ನ್, ಮಿನೆಸೋಟ
14 ಜುಲೈ 2024, ಭಾನುವಾರ

ಪ್ರೀತಿಯ ಹಟಮಾರಿ ಆರ್ವಿಡ್,

ಬೆಳಿಗ್ಗೆ ತಾನೇ ನನ್ನೆದುರು ಕೂತು ಕಾಫಿ ಕುಡಿದು ಹೋದವನಿಗೆ ಇವಳು ಕಾಗದ ಯಾಕೆ ಬರೆಯುತ್ತಾಳೆ ಅಂದುಕೊಳ್ಳಬೇಡ. ಎದುರು ಕೂತರೆ ನಾವಿಬ್ಬರೂ ಜೋಳ ಎಷ್ಟೆತ್ತರ ಬಂತು, ಮಳೆ ಯಾವಾಗ ಅನ್ನುವುದು ಬಿಟ್ಟು ಬೇರೆ ಮಾತಾಡುವವರಲ್ಲ. ನಲವತ್ತಾರು ವರ್ಷ ಹಾಗೇ ಸಂಸಾರ ಮಾಡಿದ್ದೇವೆ. ಅದರ ಬಗ್ಗೆ ನನಗೇನೂ ದೂರಿಲ್ಲ.

ಜನವರಿಯಲ್ಲಿ ನೀನು ಗಡಿಯಾಚೆ, ಸೌತ್ ಡಕೋಟದ ಸೂ ಫಾಲ್ಸ್‌ನಲ್ಲಿ ಬಾಡಿಗೆ ಕೋಣೆ ಹಿಡಿದೆ. ಹೃದಯದ ಆಪರೇಷನ್ ಆದಾಗಿನಿಂದ ನಿನಗೆ ಒಂದೇ ಧ್ಯಾನ. ಮೂವತ್ತೆಂಟು ವರ್ಷ ಧಾನ್ಯದ ಗೋದಾಮಿನಲ್ಲಿ ದುಡಿದು ಕೂಡಿಟ್ಟ ನಿವೃತ್ತಿ ಖಾತೆಯಿಂದ ಈ ವರ್ಷ ಅರವತ್ತು ಸಾವಿರ ಡಾಲರ್ ತೆಗೆದು ನನ್ನ ಹೆಸರಿಗೆ ಇಡಬೇಕು. "ಇಲ್ಲಿದ್ಕೊಂಡು ತೆಗೆದ್ರೆ ಮಿನೆಸೋಟದವ್ರು ನಾಲ್ಕು ಸಾವಿರ ಕಿತ್ಕೋತಾರೆ ಕಣೇ. ಅರ್ಧ ಗಂಟೆ ಗಾಡಿ ಓಡಿಸಿ ಗಡಿ ದಾಟಿದ್ರೆ ಸೌತ್ ಡಕೋಟದವ್ರು ಒಂದು ಸೆಂಟೂ ಕೇಳಲ್ಲ. ದುಡಿದಿದ್ದೆಲ್ಲಿ ಅಂತ ಯಾರೂ ನೋಡಲ್ಲ, ತೆಗೆಯೋವಾಗ ಎಲ್ಲಿ ವಾಸ ಅನ್ನೋದಷ್ಟೇ" ಎಂದೆ. ಮದುವೆಯಾದ ಮೇಲೆ ನೀನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಅಂದಿನಿಂದ ರಾತ್ರಿ ಅಲ್ಲಿ ಮಲಗುವುದು, ಬೆಳಿಗ್ಗೆ ಏಳಕ್ಕೆ ಇಲ್ಲಿ ಕಾಫಿಗೆ ಬರುವುದು. ಚರ್ಚಿನಲ್ಲಿ ಪಕ್ಕದ ಮನೆಯ ಲವಾನ್ ನನ್ನನ್ನು ಸುಮ್ಮನೆ ಬಿಡುತ್ತಾಳೆಯೇ? "ಏನೇ ಡೆಲೋರಿಸ್, ಈ ವಯಸ್ಸಲ್ಲಿ ಗಂಡ ದಿನಾ ಕದ್ದು ಕದ್ದು ಮನೆಗೆ ಬರ್ತಾನಂತೆ! ನಮ್ಮನೆಯೋನು ಮನೇಲೇ ಬಿದ್ದಿದ್ರೂ ಅಷ್ಟು ಹುರುಪಿಲ್ಲ ನೋಡು" ಎಂದು ಎಲ್ಲರೆದುರು ಕಿಚಾಯಿಸಿದಳು. ನನಗೂ ನಗು ತಡೆಯಲಾಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ರಾತ್ರಿಗಳನ್ನು ಎಣಿಸುತ್ತಿದ್ದೀಯ. ಮಿನೆಸೋಟ ಎಣಿಸುವುದು ದಿನಗಳನ್ನು. ನಮ್ಮ ತೆರಿಗೆ ಕಾಗದ ತುಂಬಿಕೊಡುವ ಕಿರ್ಸ್ಟನ್ ನನಗೆ ಬಿಡಿಸಿ ಹೇಳಿದಳು: "ಒಂದು ಕಪ್ ಕಾಫಿ ಕುಡ್ದು ಎದ್ದು ಹೋದ್ರೂ ಅದು ಪೂರ್ತಿ ಒಂದು ದಿನಾನೇ. ಇಲ್ಲಿ ಮನೆ ಇಟ್ಕೊಂಡು ವರ್ಷಕ್ಕೆ ನೂರ ಎಂಬತ್ಮೂರು ದಿನ ಬಂದ್ರೆ ಅವ್ರು ಇಲ್ಲಿಯೋರೇ, ಡೆಲೋರಿಸ್." ಹಿಮಗಾಳಿಗೆ ರಸ್ತೆ ಮುಚ್ಚಿದ ಹನ್ನೊಂದು ದಿನ ಬಿಟ್ಟರೆ ಈ ವರ್ಷ ನೀನು ಒಂದು ದಿನವೂ ತಪ್ಪಿಸಿಲ್ಲ. ಮೊನ್ನೆ ಶುಕ್ರವಾರಕ್ಕೆ ನೂರ ಎಂಬತ್ತಮೂರು ತುಂಬಿತು. ಇನ್ನು ನೀನು ಎಲ್ಲಿ ಮಲಗಿದರೂ ಆ ನಾಲ್ಕು ಸಾವಿರ ಕಟ್ಟಲೇಬೇಕು.

ಸಿಟ್ಟಾಗಬೇಡ, ಎದೆಗೆ ಒಳ್ಳೆಯದಲ್ಲ. ನೀನಿಲ್ಲದ ಕಾಲಕ್ಕೆ ನನ್ನ ಕೈಯಲ್ಲಿ ನಾಲ್ಕು ಸಾವಿರ ಹೆಚ್ಚಿಗೆ ಇರಲಿ ಎಂದು ಇಷ್ಟೆಲ್ಲ ಮಾಡಿದೆ, ನನಗೆ ಗೊತ್ತು. ಆದರೆ ನೀನಿರುವ ಕಾಲದಲ್ಲೇ ನಾನು ಒಬ್ಬಳೇ ಕೂತು ಊಟ ಮಾಡುತ್ತಿದ್ದೇನಲ್ಲ ಮಾರಾಯ! ಭಾನುವಾರ ಒಲೆಗಿಟ್ಟ ಆಲೂಗಡ್ಡೆ-ಮಾಂಸದ ಹಾಟ್‌ಡಿಶ್ ಗುರುವಾರವಾದರೂ ಮುಗಿಯುವುದಿಲ್ಲ. ನನಗೆ ಆ ಹಣ ಬೇಡ, ನೀನು ಬೇಕು.

ತೆರಿಗೆಯ ಚಿಂತೆ ನನಗೆ ಬಿಡು. ಶಾಲೆಯ ಅಡುಗೆಮನೆಯಲ್ಲಿ ದುಡಿದು ಕೂಡಿಟ್ಟ ನನ್ನದೂ ಒಂದು ಖಾತೆಯಿದೆ. ಅದರಿಂದ ತೆಗೆದು ಕಟ್ಟುತ್ತೇನೆ. ಹಾಗೆ ತೆಗೆದದ್ದಕ್ಕೂ ಮಿನೆಸೋಟದವರು ತೆರಿಗೆ ಹಾಕುತ್ತಾರಂತೆ. ಹಾಕಲಿ.

ಕೋಣೆ ಖಾಲಿ ಮಾಡಿ ಬಾ. ಟೊಮೆಟೊ ಗಿಡಗಳು ಬಾಗಿವೆ, ಕೋಲು ಕಟ್ಟುವುದಿದೆ.

ಇಲ್ಲೇ ವಾಸವಾಗಿರುವ ನಿನ್ನ
ಡೆಲೋರಿಸ್

ಮತ್ತೊಂದು ಮಾತು: ಕಿರ್ಸ್ಟನ್ ನನಗಿದನ್ನು ಹೇಳಿದ್ದು ಈ ವಾರವಲ್ಲ, ಏಪ್ರಿಲ್‌ನಲ್ಲಿ. ಆಗ ನಿನ್ನ ದಿನಗಳು ತೊಂಬತ್ತು ಚಿಲ್ಲರೆ ಆಗಿದ್ದವು ಅಷ್ಟೇ. ಆಗಲೇ ಹೇಳಿದ್ದರೆ ನೀನು ಇಲ್ಲಿಗೆ ಬರುವುದನ್ನೇ ನಿಲ್ಲಿಸಿ ಹಣ ಉಳಿಸಿಬಿಡುತ್ತಿದ್ದೆ. ಅದಕ್ಕೇ ಮಾರನೆಯ ಬೆಳಿಗ್ಗೆಯಿಂದ ದಿನಾ ನಿನ್ನ ಕಾಫಿ ಜೊತೆಗೆ ನಿನಗಿಷ್ಟದ ಸಿಹಿ ಬನ್ನು, ಕ್ಯಾರಮೆಲ್ ರೋಲ್ ಮಾಡತೊಡಗಿದೆ.