ಪೂಜೆಯ ನೀರು ಕುಡಿದ ಗಿಡ

ತಾಂಡೂರು,
ಶ್ರಾವಣದ ಗುರುವಾರ, ೮-೮-೧೯೭೪

ವೈಜಿನಾಥನ ಅಪ್ಪನವರಿಗೆ ಮನೆಯಿಂದ ಶರಣು ಶರಣಾರ್ಥಿ.

ಪ್ರಕೃತಿ ಹೇಗಿದೆ? ಜ್ವರ ಬಿಟ್ಟಿದೆ, ಕೆಮ್ಮಿನಲ್ಲಿ ರಕ್ತ ಬರುವುದು ನಿಂತಿದೆ ಎಂದು ಬರೆದಿದ್ದೀರಿ. ಅದನ್ನು ಓದಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ, ಸಂತೋಷಕ್ಕೆ. ದವಾಖಾನೆಯ ಬೇಳೆಗೆ ಉಪ್ಪಿಲ್ಲ, ಖಾರವಿಲ್ಲ ಎಂಬ ನಿಮ್ಮ ದೂರೂ ಓದಿದೆ. ನಾಲಿಗೆ ರುಚಿ ಕೇಳುತ್ತಿದೆ ಎಂದರೆ ಮೈ ಸುಧಾರಿಸುತ್ತಿದೆ ಎಂದೇ ಅರ್ಥ. ಆದರೆ ಅದೇ ಕಾಗದದ ಕೊನೆಗೆ "ನನಗೆ ಆರಾಮಾಗಿದೆ, ಇನ್ನು ಮನೆಗೆ ಬಂದರೂ ನಡೆದೀತು" ಎಂದು ಬರೆದಿರಲ್ಲ, ಅದು ನನಗೆ ಸೇರಲಿಲ್ಲ. ಸಂಕ್ರಾಂತಿಯವರೆಗೆ ಸೂಜಿ, ಗುಳಿಗೆ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದಾಗ ನಾನೂ ಅಲ್ಲೇ ನಿಂತಿದ್ದೆ. ಯಾಲಾಲದ ಪೀರಪ್ಪನೂ ಆರಾಮಾಯಿತೆಂದು ಅರ್ಧಕ್ಕೇ ಎದ್ದು ಬಂದ. ಈಗ ಅವನ ಹೆಂಡತಿ ಒಬ್ಬಳೇ ಹೊಲ ನೋಡಿಕೊಳ್ಳುತ್ತಿದ್ದಾಳೆ.

ಇರಲಿ, ನಿಮ್ಮ ಗಿಡದ ಸಮಾಚಾರ ಕೇಳಿ. ಹೈದರಾಬಾದಿನ ನುಮಾಯಿಷ್ ವಸ್ತುಪ್ರದರ್ಶನದಿಂದ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ತಂದಿರಲ್ಲ, ಆ ತೂತೆಲೆಯ ಗಿಡ. ಅವತ್ತು ಅತ್ತೆಯವರು "ಹೂ ಇಲ್ಲ, ಕಾಯಿ ಇಲ್ಲ, ಹುಳ ತಿಂದಂಥಾ ಎಲಿಗಿ ಯಾರರೆ ರೊಕ್ಕ ಕೊಡ್ತಾರೇನು?" ಎಂದು ಓಣಿಗೆಲ್ಲ ಕೇಳಿಸುವಂತೆ ಅಂದಿದ್ದರು. ನೀವು ದವಾಖಾನೆ ಸೇರಿದ ಮೇಲೆ ಅದೇ ಗಿಡ ಅವರ ಪಾಲಿಗೆ ನೀವೇ ಆಗಿಹೋಯಿತು. ಕಿಟಕಿಯ ಹತ್ತಿರದಿಂದ ಎತ್ತಿ ದೇವರ ಕೋಣೆಯ ಕತ್ತಲೆ ಮೂಲೆಗೆ ಇಟ್ಟುಕೊಂಡರು. ಬೆಳಿಗ್ಗೆ ಲಿಂಗಪೂಜೆಯ ನೀರು ಅದಕ್ಕೇ. ಸಂಜೆಯ ಪೂಜೆಯ ನೀರೂ ಅದಕ್ಕೇ. ಸೋಮವಾರ ಅಯ್ಯನವರು ಬಂದರೆ ಪಾದ ತೊಳೆದ ನೀರು ತುಳಿಯಬಾರದಲ್ಲ, ಅದೂ ಅದರ ಬುಡಕ್ಕೆ. ಇದು ಗೊತ್ತಾಗಿ ಪಕ್ಕದ ಮನೆಯ ಗುರುಲಿಂಗಮ್ಮನೂ ತನ್ನ ಪೂಜೆಯ ನೀರನ್ನು ತಂಬಿಗೆಯಲ್ಲಿ ಹಿಡಿದು, ನಿಮ್ಮ ಹೆಸರು ಹೇಳಿ ಸುರಿದು ಹೋಗತೊಡಗಿದಳು. ಪಾಪ, ಗಿಡ ಬೇಡವೆಂದು ಹೇಗೆ ಹೇಳೀತು!

ಎಲೆಗಳು ಒಂದೊಂದಾಗಿ ಹಳದಿಯಾಗಿ ಜೋತುಬಿದ್ದವು. ಅತ್ತೆಯವರ ಎದೆ ಒಡೆಯಿತು. "ಗಿಡ ಸೊರಗಲಾಕತ್ತದ, ಅಲ್ಲಿ ನನ್ನ ಮಗಾನೂ ಹಿಂಗೇ ಸೊರಗಿರ್ತಾನ, ಕರ್ಕೊಂಡು ಬರಾಮು ನಡೀರಿ" ಎಂದು ಒಂದೇ ಹಟ. ನೀರು ಸಾಲದೆಂದು ಇನ್ನೊಂದು ಚೆಂಬು ಬೇರೆ. ವೀರಪ್ಪ ಭಾವನವರು ಚೀಲ ತುಂಬಿಸಿ ಹೊರಟೇಬಿಟ್ಟಿದ್ದರು. ಗಿಡ ಉಳಿಸಿಕೊಡುತ್ತೇನೆ, ಒಂದು ತಿಂಗಳು ತಡೆಯಿರಿ ಎಂದು ನಾನು ಅಡ್ಡ ನಿಂತೆ. ಹೇಳಿಯೇನೋ ಬಿಟ್ಟೆ. ನಾನು ಮೆಣಸಿನಗಿಡ ಬಿಟ್ಟರೆ ಏನು ಬೆಳೆಸಿದವಳು?

ಗಿಡ ನೆಟ್ಟಿದ್ದ ತಗಡಿನ ಡಬ್ಬಿಯನ್ನು ಬೋರಲು ಹಾಕಿ ನೋಡಿದೆ. ನೀವು ಮೊಳೆ ಹೊಡೆದು ಮಾಡಿದ ತೂತುಗಳೆಲ್ಲ ಮುಚ್ಚಿಹೋಗಿದ್ದವು. ದಿನವೂ ನೀರಿನ ಜೊತೆ ಇಳಿದ ವಿಭೂತಿ ತಳದಲ್ಲಿ ಗಾರೆಯಂತೆ ಗಟ್ಟಿಯಾಗಿ ಕೂತಿತ್ತು. ಮಣ್ಣೆಲ್ಲ ಕೆಸರು, ಬೇರು ಕಪ್ಪಾಗಿ ಕೊಳೆತ ವಾಸನೆ. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಕಣ್ಣಾರೆ ಕಂಡೆ. ಕೊಳೆತ ಬೇರನ್ನೆಲ್ಲ ಕತ್ತರಿಸಿ, ಕುಂಬಾರನಿಂದ ತಂದ ಕುಂಡದ ತಳಕ್ಕೆ ಇಟ್ಟಿಗೆ ಚೂರು, ಇದ್ದಿಲು ಹಾಕಿ, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟೆ. ಬಿಸಿಲು ನೇರ ಬೀಳದಂತೆ ಕಿಟಕಿಯ ಪಕ್ಕ ಇಟ್ಟು, ಹಬ್ಬಲು ಒಂದು ಕೋಲು ಕಟ್ಟಿದೆ. ಈಗ ಬೆರಳು ಊರಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು.

ಆದರೆ ಪೂಜೆಯ ನೀರು ಹಾಕಬೇಡಿ ಎಂದು ಅತ್ತೆಗೆ ಹೇಳುವ ಸೊಸೆ ಈ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಅದಕ್ಕೆ ಅಂಗಳದಲ್ಲಿ ಒಂದು ಬಿಲ್ವಪತ್ರಿ ಸಸಿ ನೆಟ್ಟು, "ಅತ್ತಿ, ಲಿಂಗದ ನೀರು ಪತ್ರಿಗೇ ಹೋಗಲಿರಿ, ಶಿವಗ ಪ್ರೀತಿ" ಎಂದೆ. ಒಪ್ಪಿದರು! ಗುರುಲಿಂಗಮ್ಮನ ತಂಬಿಗೆಯೂ ಅತ್ತ ತಿರುಗಿತು. ಎಷ್ಟೋ ದಿನ ಗಿಡ ಬರೀ ಕಡ್ಡಿಯಂತೆ ನಿಂತಿತ್ತು. ಕಿತ್ತು ನೋಡಬೇಕೆಂದು ಕೈ ತುರಿಸುತ್ತಿತ್ತು, ತಡೆದುಕೊಂಡೆ. ಇವತ್ತು ಬೆಳಿಗ್ಗೆ ಸುರುಳಿ ಸುತ್ತಿದ ಎಳೆಯ ಎಲೆಯೊಂದು ಬಿಚ್ಚಿಕೊಂಡಿದೆ. ಇನ್ನೂ ತೂತು ಬಿದ್ದಿಲ್ಲ. ನೋಡಿ ಎಷ್ಟು ಹಿಗ್ಗಾಯಿತೆಂದು ಬರೆಯಲಾರೆ.

ಇಲ್ಲಿ ಎಲ್ಲರೂ ಕ್ಷೇಮ. ವೈಜಿನಾಥ ನಿಮ್ಮ ಟೋಪಿ ಹಾಕಿಕೊಂಡು ಮನೆಯೆಲ್ಲ ಯಜಮಾನಿಕೆ ಮಾಡುತ್ತಾನೆ. ಹಾಲು ಕುಡಿಯಿರಿ, ಗಾಳಿಗೆ ಕಿವಿ ಕಟ್ಟಿಕೊಳ್ಳಿ. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ
ಶಕುಂತಲಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯುತ್ತಿದ್ದೇನೆ. ಹೊಸ ಎಲೆ ನೋಡಿದ ಅತ್ತೆಯವರು "ಗಿಡ ಚಿಗುರ್ತು, ನನ್ನ ಮಗ ಆರಾಮ್ ಆದ" ಎಂದು ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದಾರೆ. ಭಾನುವಾರ ವೀರಪ್ಪ ಭಾವನವರು ನಿಮ್ಮನ್ನು ಕರೆತರಲು ಬರುತ್ತಾರೆ. ನೀವು ಬರಬೇಡಿ. ಅಣ್ಣನ ಮಾತು ಮೀರಲಾಗದಿದ್ದರೆ, ಹೆಂಡತಿ ಬೇಡ ಅಂದಿದ್ದಾಳೆ ಎಂದು ನನ್ನ ಹೆಸರು ಹೇಳಿ. ಗಂಡನನ್ನು ಮನೆಗೆ ಸೇರಿಸದವಳು ಎಂದು ಮಂದಿ ಅಂದರೆ ಅನ್ನಲಿ, ಕೇಳಿಸಿಕೊಳ್ಳುತ್ತೇನೆ. ನೀವು ಬದುಕಿರಬೇಕು, ನನಗೆ ಅಷ್ಟೇ ಬೇಕು.